ನಾವು ತಿಂದ ಮರ

ನಾನು ಚಿಕ್ಕವನಿದ್ದಾಗ ಒಂದು ಮರವನ್ನು ತಿಂದಿದ್ದೇನೆ. ಹಣ್ಣಲ್ಲ, ಎಲೆಯಲ್ಲ, ಮರವನ್ನೇ. ನಗುವುದಿದ್ದರೆ ಈಗಲೇ ನಕ್ಕುಬಿಡಿ ಮಕ್ಕಳೇ. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿಂದ ಹೇಳುವ ತ್ರಾಣ ನನಗಿಲ್ಲ.

ನಮ್ಮೂರು ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯಲ್ಲಿ. ಅವ್ವ ತೀರಿಹೋಗಿದ್ದಳು, ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಆಗ ಬೇಸಿಗೆಯ ಕೊನೆ, ಊಟದ ಅಕ್ಕಿ ಮುಗಿದಿತ್ತು. ಅಟ್ಟದ ಮೇಲೆ ಹುಲ್ಲುಹಗ್ಗ ಸುತ್ತಿದ ಒಂದು ಮೂಡೆ ಭತ್ತವೇನೋ ಇತ್ತು, ಆದರೆ ಅದು ಬಿತ್ತನೆಯ ಬೀಜ. ಅದನ್ನು ಉಂಡರೆ ಮಳೆ ಬಂದಾಗ ಗದ್ದೆಗೆ ಹಾಕಲು ಏನೂ ಉಳಿಯುತ್ತಿರಲಿಲ್ಲ. ಅಪ್ಪ ಎರಡು ದಿನ ಆ ಮೂಡೆಯನ್ನೇ ನೋಡುತ್ತ ಕೂತ. ಮೂರನೆಯ ದಿನ ಬೆಳಿಗ್ಗೆ ಕೊಡಲಿ ತೆಗೆದುಕೊಂಡು ಹೋಗಿ ಬೇಲಿಯಂಚಿನ ಬಗನಿ ಮರವನ್ನು ಕಡಿದ.

ಬಗನಿ ಎಂದರೆ ತೆಂಗು, ಈಚಲಿನ ಜಾತಿಯ ಮರ. ಹೊರಗೆ ಕೊಡಲಿಗೂ ಬಗ್ಗದಷ್ಟು ಗಟ್ಟಿ, ಒಳಗೆ ಬಿಳಿ ತಿರುಳು. ಅಪ್ಪ ಕಾಂಡ ಸೀಳಿ ತಿರುಳು ಹೊತ್ತು ತರುತ್ತಿದ್ದ, ಅಕ್ಕ ಅದನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಅಂಗಳದ ತುಂಬ ಹಸಿ ಮರದ ಒಗರು ವಾಸನೆ. ಕುಟ್ಟಿದ್ದನ್ನು ನೀರಿನಲ್ಲಿ ಹಿಸುಕಿ, ಹಳೆಯ ಸೀರೆಯಲ್ಲಿ ಸೋಸಿ, ಪಾತ್ರೆಯಲ್ಲಿ ಅಲ್ಲಾಡದಂತೆ ಬಿಡಬೇಕು. ಹಿಟ್ಟು ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಚೆಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು.

"ಅಕ್ಕಾ, ಮರ ತಿನ್ಬೋದು ಅಂತ ಮೊದ್ಲು ಯಾರಿಗೆ ಗೊತ್ತಾಯ್ತು?" ಎಂದು ಕೇಳಿದೆ.

"ಹೊಟ್ಟೆಗಿಲ್ದವನಿಗೆ ಮಾರಾಯ. ಉಂಡು ಕೂತವ ಮರ ಕುಟ್ತಾನೇನು?" ಎಂದಳು. "ನೀರು ತಿಳಿಯಾಗೋ ತನಕ ಕಾಯಿ. ಆಮೇಲೆ ಮೆಲ್ಲಕೆ ಬಗ್ಸು." ಇಷ್ಟು ಹೇಳಿ ಕಂಬಕ್ಕೆ ಒರಗಿದವಳು ಹಾಗೆಯೇ ನಿದ್ದೆಹೋದಳು.

ಕಾದೆ. ಹಸಿದವನಿಗೆ ಕಾಯುವುದೆಂದರೆ ಎಂಥ ಸಂಕಟ, ನಿಮಗೆ ಹೇಗೆ ಹೇಳಲಿ. ನೀರು ಇನ್ನೂ ಹಾಲಿನ ಬಣ್ಣದಲ್ಲೇ ಇತ್ತು. ಇಷ್ಟು ಸಾಕು ಅಂದುಕೊಂಡು ಪಾತ್ರೆ ಬಗ್ಗಿಸಿದೆ. ಹಿಟ್ಟು ಬೆರೆತ ಬಿಳಿ ನೀರೆಲ್ಲ ಅಂಗಳದ ಮಣ್ಣಿಗೆ ಹೋಯಿತು. ತಳದಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು.

ಸದ್ದಿಗೆ ಅಕ್ಕ ಎಚ್ಚತ್ತಳು. ಅಪ್ಪನೂ ಬಂದ. ಇಬ್ಬರೂ ನೆಲದ ಮೇಲಿನ ಬಿಳಿ ಕಲೆಯನ್ನು ನೋಡಿದರು. ಬೆನ್ನಿಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡು ನಿಂತೆ, ಬೀಳಲಿಲ್ಲ. ಬೈಯುವಷ್ಟೂ ಕಸುವು ಅವರಲ್ಲಿ ಉಳಿದಿರಲಿಲ್ಲ.

"ಹೋಗ್ಲಿ ಬಿಡು. ಮೊದ್ಲು ಮಾಡಿದವನೂ ಎಷ್ಟು ಸಲ ಚೆಲ್ಲಿದ್ನೋ," ಎಂದ ಅಪ್ಪ. ಒಳಗೆ ಹೋಗಿ ಅಟ್ಟಕ್ಕೆ ಏಣಿ ಹಚ್ಚಿದ.

"ಬೀಜ ಇಳಿಸ್ಬ್ಯಾಡ ಅಪ್ಪ. ಇನ್ನೂ ಅರ್ಧ ಮರ ಐತಲ್ಲ," ಎಂದಳು ಅಕ್ಕ.

ಅಪ್ಪ ಆಗಲೇ ಏಣಿಯ ಎರಡನೇ ಮೆಟ್ಟಿಲು ಹತ್ತಿದ್ದ. ಆಮೇಲೆ ಇಳಿದು ಕೊಡಲಿ ಹುಡುಕಿಕೊಂಡು ಹೊರಟ. ಅಕ್ಕ ಆ ಒಂದು ಹಿಡಿ ಹಿಟ್ಟಿಗೆ ಉಪ್ಪು ಹಾಕಿ ಗಂಜಿ ಕಾಯಿಸಿ, ಇದ್ದಷ್ಟನ್ನೂ ನನ್ನ ತಟ್ಟೆಗೆ ಬಗ್ಗಿಸಿದಳು. ಅಂಟಂಟಾದ ಸಪ್ಪೆ ಗಂಜಿ, ಕೊನೆಗೆ ಸ್ವಲ್ಪ ಕಹಿ. ನಾನು ತಟ್ಟೆ ನೆಕ್ಕಿ ಮುಗಿಸುವಷ್ಟರಲ್ಲಿ ಅವಳು ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು ಒನಕೆ ಹಿಡಿದಿದ್ದಳು. ಆ ಅರ್ಧ ಮರದ ಹಿಟ್ಟಿನಲ್ಲಿ, ಅಪ್ಪನಿಗೆ ಕೂಲಿ ಸಿಗುವ ತನಕ ದಿನ ದೂಡಿದೆವು. ಆ ವರ್ಷ ಗದ್ದೆ ಬಿತ್ತಿದೆವು.

ನೀವೆಲ್ಲ ತಿಂಡಿಯ ಪ್ಯಾಕೆಟ್ ತಿರುವಿ ನೋಡಿ, ಒಳಗೆ ಏನೇನು ಹಾಕಿದ್ದಾರೆ ಎಂದು ಓದಿ ತಿನ್ನುವವರು. ಒಳ್ಳೆಯದೇ, ಹಾಗೇ ಇರಿ. ಮೊನ್ನೆ ನಾನು ಸುಸ್ತಾಗಿ ಸುಮ್ಮನೆ ಕೂತಿದ್ದಾಗ ನಿಮ್ಮಲ್ಲಿ ಚಿಕ್ಕವಳು ಬಂದು, "ಅಜ್ಜ, ನಿಂದು ಊಟ ಆಯ್ತಾ?" ಎಂದು ಕೇಳಿದಳು. ನನಗೆ ಅಕ್ಕನ ನೆನಪಾಯಿತು. ಮರವನ್ನು ಮೊದಲು ತಿಂದವರು ಯಾರು ಎಂದು ಅಕ್ಕನನ್ನು ಕೇಳಿದ್ದೆನಲ್ಲ, ನಿಂದು ಊಟ ಆಯ್ತಾ ಎಂಬ ಈ ಮಾತನ್ನು ಮಾತ್ರ ಅವತ್ತು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅಕ್ಕ ಇಲ್ಲ.