ಮಂತ್ರಿಗಳ ತಪ್ಪೊಪ್ಪಿಗೆ

ನಮ್ಮ ರೇಡಿಯೋ ಕೇಂದ್ರದಲ್ಲಿ ಗಂಟಲಣ್ಣನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಬೆಳಗಿನ ಹಾಸ್ಯ ಕಾರ್ಯಕ್ರಮದಲ್ಲಿ ಹತ್ತೊಂಬತ್ತು ವರ್ಷ ಆತ ಹಿರಿಯ ಮಂತ್ರಿಯೊಬ್ಬರನ್ನು ಅಣಕಿಸಿದ. ಮಾತಿಗೆ ಮುಂಚೆ ಎರಡು ಕೆಮ್ಮು, ನಡುನಡುವೆ ಮೂಗಿನಲ್ಲೊಂದು ನಿಟ್ಟುಸಿರು; ಥೇಟ್ ಅವರೇ. ಮನೆಯಲ್ಲಿ ಮಾತ್ರ ಆ ದನಿಗೆ ಪ್ರವೇಶವಿರಲಿಲ್ಲ. "ಆ ಗಂಟಲಲ್ಲಿ ಕಾಫಿ ಕೇಳಿದ್ರೆ ಖಾಲಿ ಲೋಟಾನೂ ಸಿಗಲ್ಲ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಮಂತ್ರಿಗಳ ಕಡೆಯವರು ಆಗಾಗ ಬಂದು ಅಣಕದ ಟೇಪಿಗಾಗಿ ನಮ್ಮ ಕಪಾಟು ತಡಕಾಡುತ್ತಿದ್ದರು. ಅದಕ್ಕೇ ಆತ ತನ್ನ ಟೇಪಿನ ಡಬ್ಬಿಗಳ ಮೇಲೆ 'ಮಂತ್ರಿಗಳ ಭಾಷಣ' ಎಂದು ಬರೆದು, ಅಸಲಿ ಭಾಷಣಗಳ ಸಾಲಿನಲ್ಲೇ ಇಡುತ್ತಿದ್ದ. ಕಳ್ಳನನ್ನು ಪೊಲೀಸ್ ಠಾಣೆಯಲ್ಲೇ ಬಚ್ಚಿಟ್ಟ ಹಾಗೆ. ನಾವೆಲ್ಲ ಭೇಷ್ ಅಂದಿದ್ದೆವು, ಮಹಾ ಬುದ್ಧಿವಂತರು!

ಮಂತ್ರಿಗಳು ತೀರಿಕೊಂಡ ದಿನ ಸುದ್ದಿ ವಿಭಾಗದವರು ಅವಸರದಲ್ಲಿ ಒಂದು ಡಬ್ಬಿ ಎತ್ತಿಕೊಂಡು ಹೋದರು. ಶ್ರದ್ಧಾಂಜಲಿಯಲ್ಲಿ ನಾಡಿಗೆ ನಾಡೇ ಕೇಳಿತು: ಎರಡು ಕೆಮ್ಮು, ಆಮೇಲೆ, "ನನ್ನಿಂದ ತಪ್ಪಾಯ್ತು. ನಿಮಗೆಲ್ಲ ತೊಂದರೆ ಕೊಟ್ಟೆ. ಕ್ಷಮಿಸಿಬಿಡಿ." ಮುಂದಿನ ನಗೆಚಟಾಕಿ ಶುರುವಾಗುವ ಮೊದಲೇ ಶ್ರದ್ಧಾಂಜಲಿಯ ಸಮಯ ಮುಗಿದಿತ್ತು. ಜನ ಕಣ್ಣೊರೆಸಿಕೊಂಡರಂತೆ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗಂಟಲಣ್ಣ ನೆಟ್ಟಗೆ ಹೋಗಿ ನಿರ್ದೇಶಕರ ಮುಂದೆ ಒಪ್ಪಿಕೊಂಡ. ನಿವೃತ್ತಿಗೆ ಎಂಟು ತಿಂಗಳು ಬಾಕಿಯಿದ್ದ ಮನುಷ್ಯ! ನನಗೆ ಕೆಟ್ಟ ಕೋಪ ಬಂತು. ವಜಾ ಆದೇಶ ಟೈಪಾಗಿ ಸಹಿಗೆ ಕಾದಿತ್ತು. ಅಷ್ಟರಲ್ಲಿ ಮಂತ್ರಿಗಳ ಹೆಂಡತಿಯೇ ಕೇಂದ್ರಕ್ಕೆ ಬಂದರು.

"ಕ್ಷಮಿಸ್ಬೇಕಮ್ಮಾ, ಅದು ಇವನ ದನಿ. ಇವತ್ತೇ ಕಿತ್ತುಹಾಕ್ತೀವಿ" ಎಂದರು ನಿರ್ದೇಶಕರು, ಪಕ್ಕದಲ್ಲಿ ನಿಂತಿದ್ದ ಗಂಟಲಣ್ಣನತ್ತ ಕೈತೋರಿಸಿ.

ಆಕೆ ಟೇಪನ್ನು ಇನ್ನೊಮ್ಮೆ ಕೇಳಬೇಕೆಂದರು. ಹಾಕಿದವನು ನಾನೇ. ತಲೆ ತಗ್ಗಿಸಿ ಪೂರ್ತಿ ಕೇಳಿದರು, ನಗೆಚಟಾಕಿಯನ್ನೂ ಬಿಡಲಿಲ್ಲ.

"ನಲವತ್ತು ವರ್ಷ ಸಂಸಾರ ಮಾಡಿದೋಳು ನಾನು. ಮೊದಲಿಂದು ನಮ್ಮ ಯಜಮಾನರದೇ ದನಿ. ಆಮೇಲಿನ ತಮಾಷೆ ಬೇಕಾದ್ರೆ ಇವರದಿರಬಹುದು" ಎಂದರು.

ನಿರ್ದೇಶಕರು ಯಾರ ಮುಖವನ್ನೂ ನೋಡದೆ ಆದೇಶವನ್ನು ಹರಿದರು.

ಆಕೆಯನ್ನು ಮೆಟ್ಟಿಲ ತನಕ ಬಿಡಲು ಹೋದ ಗಂಟಲಣ್ಣ ತಡೆಯಲಾರದೆ ಕೇಳಿದ, "ಅಮ್ಮಾ, ನಿಜವಾಗ್ಲೂ ನಿಮಗೆ ಗೊತ್ತಾಗ್ಲಿಲ್ವಾ?"

"ತಪ್ಪಾಯ್ತು ಅಂದ ತಕ್ಷಣ ಗೊತ್ತಾಯ್ತು" ಎಂದರು ಆಕೆ. "ಆ ಮಾತು ಅವರು ನನ್ನ ಹತ್ರಾನೂ ಆಡಿದೋರಲ್ಲ. ಹೋದ ಮೇಲಾದ್ರೂ ಆಡಿದ್ರಲ್ಲಪ್ಪಾ. ಅದನ್ನ ವಾಪಸ್ ಕಿತ್ಕೋಬೇಡ."