ನಾನು ಕತ್ತರಿಸಿದ ಗಂಟುಗಳು

ನನಗೆ ಕೊಳೆ ಕಂಡರೆ ಆಗುವುದಿಲ್ಲ. ಈ ಒಂದು ಗುಣದಿಂದ ಮನೆಯವರ ಜೀವ ಎಷ್ಟು ತಿಂದಿದ್ದೇನೋ ಅವರನ್ನೇ ಕೇಳಬೇಕು. ಆದರೆ ಪರರ ಕೆಲಸಕ್ಕೆ ಕೈ ಹಾಕಿ ಕೆಡಿಸಿದ್ದು ಮಾತ್ರ ಒಂದೇ ಸಲ.

ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಐವತ್ತು ದಾಟಿದ ಮೇಲೆ ನಾನು ಹಟ ಹಿಡಿದು ಕೊಂಡ ಹಳೇ ಫೋರ್‌ವ್ಹೀಲ್ ಡ್ರೈವ್ ಜೀಪು ಅಲ್ಲಿ ನಿಂತಿತ್ತು. ಅದರ ಪೆಟ್ರೋಲ್ ಇಂಜಿನ್ ಪೂರ್ತಿ ಸತ್ತಿತ್ತು. ಗುಜರಿಗೆ ಹಾಕು ಎಂದು ಎಲ್ಲರೂ ಗಂಟು ಬಿದ್ದಾಗ ಸಿಕ್ಕವರು ಒಬ್ಬ ಮಿಸ್ತ್ರಿ. ಯಾದಗಿರಿ ಕಡೆಯವರು. ಪುಣೆಗೆ ಬಂದದ್ದು ಕಟ್ಟಡದ ಕೆಲಸಕ್ಕೆ, ಸಿಮೆಂಟಿನ ಬುಟ್ಟಿ ಹೊರಲು. ಸೈಟಿನ ಜನರೇಟರ್ ಕೆಟ್ಟಾಗಲೆಲ್ಲ ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಡೀಸೆಲ್ ಇಂಜಿನ್ ಕಲಿತರಂತೆ. ಈಗ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಾರೆ, ಭಾನುವಾರ ಮಾತ್ರ ನನ್ನ ಶೆಡ್ಡಿಗೆ ಬರುತ್ತಿದ್ದರು.

ಜೀಪಿಗೆ ಕೂಡಿಸಲು ಹಳೆಯ ಡೀಸೆಲ್ ಇಂಜಿನ್ ಒಂದನ್ನು ಅವರೇ ತಂದರು. ಅದನ್ನು ಗುಜರಿಯಿಂದ ಬಿಡಿಸಿಕೊಂಡು, ತಮ್ಮ ಖೋಲಿಯ ಮುಂದೆ ವರ್ಷಗಟ್ಟಲೆ ತಾಡಪತ್ರಿ ಮುಚ್ಚಿ ಇಟ್ಟುಕೊಂಡಿದ್ದರು. ಯಾಕೆ ಎಂದು ಕೇಳಿದೆ.

"ಅಕ್ಕಾರ, ನಾ ಸ್ವಂತ ಕೈಲೆ ಬಿಚ್ಚಿ ಜೋಡಿಸಿದ ಮೊದಲನೇ ಇಂಜಿನ್ ಇದು. ಸೈಟಿನ ಜನರೇಟರಿಂದು. ತಿಂಗಳಿಗೇ ತಳದಾಗ ಠಕಠಕ ಅನ್ಲಾಕ ಹತ್ತಿತು, ಬೇರಿಂಗ್ ಸುಟ್ಟು ಹೋಯ್ತು. ಇದನ್ನ ನಡಸಾಂವ ನಮ್ಮೂರಾಂವ, ನನ್ನ ಜೀವದ ದೋಸ್ತ. ಎಣ್ಣಿ ನೋಡಿಲ್ಲ ಅಂತ ಅವನ್ನ ಕೆಲಸದಿಂದ ತಗದ್ರು. ನನ್ನ ಕೇಳಿದ್ರು. ನನ್ನ ಕೆಲಸ ಬರೋಬರ್ ಅದ ಅಂದೆ."

ಆಮೇಲೆ ಮಿಸ್ತ್ರಿಯೇ ಎರಡು ಸಲ ಬಿಚ್ಚಿ ಬೇರಿಂಗ್ ಬದಲಿಸಿದರೂ ಅದೇ ಸದ್ದು. ದೋಸ್ತ ಊರಿಗೆ ಮರಳಿ ಹಿಟ್ಟಿನ ಗಿರಣಿ ಹಾಕಿದ. "ಎಣ್ಣಿ ನೋಡೀನಿ ಅಂತ ಇವತ್ತಿಗೂ ಆಣಿ ಮಾಡ್ತಾನ. ತಪ್ಪು ಅವಂದೋ, ಕಬ್ಬಿಣದ್ದೋ, ನಂಗ ಗೊತ್ತಾಗಬೇಕ್ರಿ," ಎಂದರು. ತಮ್ಮದೋ ಎಂದು ಅವರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಆ ಮನುಷ್ಯ ಕೆಲಸ ಮಾಡುವುದನ್ನು ನೋಡಬೇಕು! ಒಂದು ನಟ್ಟು ಬಿಚ್ಚಿದರೂ ಅದರ ಜಾಗ ಅದಕ್ಕೇ ಮೀಸಲು. ತುಕ್ಕು ಹಿಡಿದ ಬೋಲ್ಟಿನ ಜೊತೆ ಜಗಳವಿಲ್ಲ, ಬೈಗುಳವಿಲ್ಲ. ಎಣ್ಣೆ ಬಿಟ್ಟು, ಮುಂದಿನ ಭಾನುವಾರದವರೆಗೂ ಕಾಯುವಷ್ಟು ತಾಳ್ಮೆ. ನನಗೋ, ಡಬ್ಬಿಯ ಮುಚ್ಚಳ ತೆಗೆಯಲು ಒಂದು ನಿಮಿಷ ತಡವಾದರೆ ಡಬ್ಬಿಯನ್ನೇ ಕುಕ್ಕುವ ಸಿಟ್ಟು.

ದಸರೆಗೆ ಅವರು ಊರಿಗೆ ಹೋದರು. ಖಂಡೆ ನವಮಿಯ ದಿನ ಈಳಿಗೆ, ಕತ್ತರಿ, ಸುತ್ತಿಗೆ ಎಲ್ಲವನ್ನೂ ತೊಳೆದು ಪೂಜೆಗಿಡುವುದು ನಮ್ಮ ಧಾರವಾಡದ ಮನೆಯ ಪದ್ಧತಿ. ಹಾಗಿದ್ದ ಮೇಲೆ ಶೆಡ್ಡಿನಲ್ಲಿ ಬಿಚ್ಚಿಟ್ಟ ಇಂಜಿನ್ನನ್ನು ಬಿಡಲಾದೀತೇ? ಸಾಮಾನಿಗೆಲ್ಲ ಎಣ್ಣೆ ಕುಡಿದ ಚಿಂದಿ ಕಟ್ಟಿತ್ತು. ಕತ್ತರಿಯಿಂದ ಕಚಕಚನೆ ಕತ್ತರಿಸಿ ಒಗೆದೆ. ಸೀಮೆಎಣ್ಣೆಯಲ್ಲಿ ತಿಕ್ಕಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಚೆಂಡುಹೂ ಏರಿಸಿದೆ. ಎಷ್ಟು ಚೆಂದ ಕಂಡಿತೆಂದರೆ ಓಣಿಯವರನ್ನೆಲ್ಲ ಕರೆದು ತೋರಿಸಿದೆ.

ಮುಂದಿನ ಭಾನುವಾರ ಮಿಸ್ತ್ರಿ ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾರ, ಚಿಂದಿ ಎಲ್ಲಿ?"

"ಕಸದ ಗಾಡಿಗೆ ಹಾಕಿದೆ."

ಅವರು ಹಾಗೇ ಕೆಳಗೆ ಕುಳಿತರು. ತಪ್ಪಾಗಿದೆ ಎಂದು ತಿಳಿದ ಕೂಡಲೇ ನನ್ನ ದನಿ ಏರುತ್ತದೆ. "ಅಲ್ರೀ, ಹೊಲಸು ಚಿಂದಿ ಕಟ್ಟಿಟ್ಟು ಹೋದ್ರ ನಂಗ ಹ್ಯಾಂಗ ಗೊತ್ತಾಗಬೇಕು? ಬಾಯಿ ಇತ್ತಲ್ಲ, ಒಂದ ಮಾತು ಹೇಳಬಾರದಾ?" ಎಂದು ಹರಿಹಾಯ್ದೆ. ನಾನು ಸುಮ್ಮನಾದ ಮೇಲೆ ಅವರು ನಿಧಾನವಾಗಿ ತಿಳಿಸಿದರು. ಇಂಜಿನ್ನಿನಲ್ಲಿ ಪಿಸ್ಟನ್ನಿಗೆ ಕೂಡಿದ ನಾಲ್ಕು ರಾಡುಗಳು, ಒಂದೊಂದರ ಬುಡಕ್ಕೆ ಅರ್ಧ ಬಳೆಯಂಥ ಒಂದೊಂದು ಕ್ಯಾಪು. ರಾಡು, ಕ್ಯಾಪು ಎರಡನ್ನೂ ಕೂಡಿಸಿಟ್ಟೇ ತೂತು ಕೊರೆದಿರುತ್ತಾರೆ, ಹೀಗಾಗಿ ಒಂದರದು ಇನ್ನೊಂದಕ್ಕೆ ನಡೆಯದು. ನೋಡಲು ನಾಲ್ಕೂ ಒಂದೇ. ಗುರುತಿಗೆಂದು ಅವರು ಚಿಂದಿ ಕಟ್ಟಿ, ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು ಗಂಟು ಹಾಕಿದ್ದರು. ಬೇರಿಂಗ್ ಕೂರುವುದು ಆ ತೂತಿನಲ್ಲೇ, ಜೋಡಿ ತಪ್ಪಿದರೆ ಅದು ಉಳಿಯುವುದಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬೆಳಗಿನಿಂದ ಊಟದ ಹೊತ್ತು ಮೀರುವವರೆಗೆ ಅವರು ಎದ್ದೇಳಲಿಲ್ಲ. ಒಂದು ರಾಡಿಗೆ ಒಂದು ಕ್ಯಾಪು ಬಿಗಿದು, ಕಣ್ಣು ಮುಚ್ಚಿ, ಒಳಗಿನ ಕೂಡುಗೆರೆಯ ಮೇಲೆ ಉಗುರು ಎಳೆಯುವರು. ಉಗುರು ತಡೆದರೆ ಬಿಚ್ಚಿ, ಇನ್ನೊಂದು. ಮೇಲೆ ಅಳತೆ ಹಿಡಿದೂ ನೋಡುವರು. ನಾನು ಎರಡು ಸಲ ಚಹಾ ಇಟ್ಟೆ, ಎರಡೂ ಆರಿ ಹೋದವು. ಕೊನೆಗೆ ನಾಲ್ಕೂ ಜೋಡಿ ಕೂಡಿದವು. "ಗೆದ್ರಿ ಬಿಡ್ರಿ!" ಎಂದು ನಾನು ಚಪ್ಪಾಳೆ ಹೊಡೆದೆ. ಇಂಥ ಬೆರಳು ಎಲ್ಲಿ ಸಿಗುತ್ತವೆ ಹೇಳಿ!

ಮಿಸ್ತ್ರಿ ನಗಲಿಲ್ಲ. ಎರಡು ರಾಡುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿಂದೆ ಬೇರಿಂಗ್ ಸುಟ್ಟಾಗ ಬಿದ್ದ ನೀಲಿಗಪ್ಪು ಕಲೆ ಆ ಎರಡರಲ್ಲೂ ಕೂಡುಗೆರೆಗೆ ಬಂದು ಫಕ್ಕನೆ ನಿಲ್ಲುತ್ತಿತ್ತು. ಅವೆರಡರ ಕ್ಯಾಪುಗಳನ್ನು ಅದಲುಬದಲು ಹಿಡಿದರೆ ಕಲೆ ಸರಾಗ ಮುಂದುವರಿಯುತ್ತಿತ್ತು.

"ಸುಟ್ಟಾಗ ಇವೆರಡರ ಕ್ಯಾಪು ಅದಲುಬದಲಾಗೇ ಇದ್ದವು, ಇವು ಮೊದಲಿಂದನೇ ತಪ್ಪಿದ್ದವ್ರಿ ಅಕ್ಕಾರ," ಎಂದರು. "ಗಂಟು ಕಟ್ಟೂದು ನಾ ಆಮ್ಯಾಲ ಕಲ್ತೀನಿ. ಮೊದಲನೇ ಸಲ ಎಲ್ಲಾ ಒಂದೇ ಬಕೇಟಿನಾಗ ಹಾಕಿ ತೊಳದಿದ್ದೆ. ಮುಂದ ಬಿಚ್ಚಿದಾಗೆಲ್ಲಾ ಆ ತಪ್ಪಿಗೇ ಗಂಟು ಕಟ್ಟಿ, ಅದನ್ನೇ ವಾಪಸ್ ಕೂಡಿಸೀನಿ."

"ಹೋಗ್ಲಿ ಬಿಡ್ರಿ, ಯಾರಿಗೆ ಗೊತ್ತಾಗ್ತದ," ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಜೋಡಿ ತಪ್ಪಿದ್ದನ್ನು ಅವರು ನನ್ನ ತಲೆಗೆ ಕಟ್ಟಿದ್ದರೂ ನಡೆಯುತ್ತಿತ್ತು, ಹೊರಲು ನಾನು ತಯಾರಾಗಿಯೇ ನಿಂತಿದ್ದೆ.

ಅವರ ಕೈ ತುಂಬ ಎಣ್ಣೆ. ಜೇಬಿನಿಂದ ಫೋನ್ ತೆಗೆದು ದೋಸ್ತನಿಗೆ ಹಚ್ಚಿ ಕೊಡಲು ನನಗೇ ಹೇಳಿದರು. ಹಚ್ಚಿ ಸ್ಪೀಕರ್ ಹಾಕಿ ಅವರ ಬಾಯಿಯ ಹತ್ತಿರ ಹಿಡಿದೆ. ಆ ಕಡೆ ಗಿರಣಿಯ ಸದ್ದು. ಬಕೇಟು, ಕ್ಯಾಪು, ಕಲೆ, ಎಲ್ಲವನ್ನೂ ಹೇಳಿ, "ನಿಂದೇನೂ ತಪ್ಪಿಲ್ಲೋ, ನಂದು," ಎಂದರು.

ಆ ಕಡೆ ಗಿರಣಿ ನಿಂತಿತು. ಆಮೇಲೆ ದೋಸ್ತನ ದನಿ ಬಂತು.

"ತಡಿ, ನನ್ನ ಹೇಣ್ತಿಗೆ ಕೊಡ್ತೀನಿ. ಅಕಿ ಮುಂದನೂ ಒಮ್ಮೆ ಹೇಳು."

ಮಿಸ್ತ್ರಿ ಆಕೆಗೂ ಮೊದಲಿನಿಂದ ಹೇಳಿದರು. ಒಂದು ಮಾತೂ ಬಿಡಲಿಲ್ಲ.