ಮಡಿಯಲ್ಲಿಟ್ಟ ಎರಡು ಕೋರ್‌ಗಳು

ಬೆಟಗೇರಿಯ ಕೇಬಲ್ ವಾಹಿನಿಯೊಂದರಲ್ಲಿ ನಾನು ಸುದ್ದಿ ತಿದ್ದುತ್ತಿದ್ದೆ. ಲಕ್ಷ್ಮೇಶ್ವರದ ಕಾಳಿನ ಪೇಟೆಯಿಂದ ನೇರಪ್ರಸಾರ ಮಾಡಿದ ದಿನ ದನಿ ತುಂಡು ತುಂಡಾಗಿ ಬಂತು. ವರ್ತಕರು ಉಗ್ಗುತ್ತಿರುವಂತೆ ಕೇಳಿಸಿತು. ಧ್ವನಿ ವಿಭಾಗ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಮಾಲೀಕರು ಎಲ್ಲರೆದುರು ಕರೆದರು.

"ಮುಂದಿನ ವಾರ ಮಾಗಡಿ ಕೆರೀ ಹಕ್ಕಿ ಲೈವ್ ಹಿಂಗs ಕೆಟ್ಟರ, ಮರುದಿನಾ ಕೆಲಸಕ್ಕ ಬರಬ್ಯಾಡವಾ."

"ಮಷೀನು ನಡುನಡುವ ಬ್ಯಾರೆ ಕೆಲಸಕ್ಕ ಓಡತೈತ್ರಿ. ಅಪ್‌ಡೇಟ್, ವೈರಸ್ ತಪಾಸಣಿ, ಏನೇನೋ. ಅಷ್ಟರಾಗ ದನಿ ತಪ್ಪತೈತಿ," ಎಂದಳು ಆಕೆ.

ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನೇ ಮರುದಿನ ತಮ್ಮ ಅಳಿಯ ಹೇಳಿದಾಗ ತಲೆದೂಗಿದರು. ಅಳಿಯ ಕಂಪ್ಯೂಟರ್ ಬಲ್ಲವನೆಂಬುದು ಅವರ ನಂಬಿಕೆ; ಬೇರೆ ಸಾಕ್ಷಿ ನನಗೆ ಸಿಕ್ಕಿಲ್ಲ. ಆತ ಬಂದು ಧ್ವನಿಯ ಕಂಪ್ಯೂಟರಿನ ನಾಲ್ಕು ಕೋರ್‌ಗಳಲ್ಲಿ, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕಗಳಲ್ಲಿ, ಎರಡನ್ನು ಬೇರ್ಪಡಿಸಿದ. ಚಿಲ್ಲರೆ ಕೆಲಸಗಳು ಇನ್ನು ಅವುಗಳತ್ತ ಸುಳಿಯುವಂತಿರಲಿಲ್ಲ.

"ಎರಡು ಕೋರ್ ಮಡಿಯಾಗ ಇಟ್ಟೇನ್ರಿ ಮಾಮಾ," ಎಂದ.

ಆ ಒಂದು ಪದ ಸಾಕಾಯಿತು. ಯಂತ್ರದ ಮೇಲೆ 'ಮಡಿ, ಮುಟ್ಟಬಾರದು' ಎಂಬ ಚೀಟಿ ಅಂಟಿತು. ಕೋಣೆಯ ಹೊರಗೆ ಚಪ್ಪಲಿ ಬಿಡಬೇಕೆಂದು ಅಪ್ಪಣೆಯಾಯಿತು. ಕೋರ್ ಇರುವುದು ಯಂತ್ರದ ಚಿಪ್‌ನೊಳಗೆ, ನಮ್ಮ ಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಹೇಳಿ, ಚಪ್ಪಲಿ ಬಿಟ್ಟೆ.

ಮಾಗಡಿಯ ನೇರಪ್ರಸಾರಕ್ಕೆ ಅರ್ಧ ತಾಸು ಮೊದಲು ಕೆರೆಯ ದಂಡೆಯಿಂದ ಪರೀಕ್ಷೆಗೆಂದು ದನಿ ಬಂತು. ಹೆಬ್ಬಾತುಗಳ ಕೂಗು ಮೊದಲಿಗಿಂತ ಹೆಚ್ಚು ಚೂರಾಗಿತ್ತು.

"ಮಡಿ ಮಾಡಿದ ಮ್ಯಾಲೂ ಕೆಡತೈತಿ ಅಂದ್ರ ಇದು ನಿನ್ನ ಕೈಗುಣನs," ಎಂದರು ಮಾಲೀಕರು. ಅಳಿಯ ಫೋನಿನಲ್ಲಿ ತಲೆ ಹುದುಗಿಸಿದ್ದ.

ಆಕೆ ಚೀಟಿ ಸರಿಸಿ ಕುಳಿತಳು. ಯಾವ ಕೋರಿನಲ್ಲಿ ಎಷ್ಟು ಕೆಲಸ ನಡೆದಿದೆ ಎಂಬುದನ್ನು ಪರದೆಯ ಮೇಲೆ ತೆರೆದಳು. ಎರಡು ತುಂಬಿ ತುಳುಕುತ್ತಿದ್ದವು. ಮಡಿಯ ಎರಡರಲ್ಲಿ ಸೊನ್ನೆ.

"ನೋಡ್ರಿ ಸಾಹೇಬ್ರ. ಅಡಗಿಮನಿ ಮಡಿ ಮಾಡೀರಿ ಖರೆ. ಅಡಗಿ ಮಾಡೋ ಆಕಿನ್ನs ಹೊರಗ ನಿಲ್ಲಿಸೀರಿ!"

ಬೇರ್ಪಡಿಸಿದ ಕೋರ್ ತಾನಾಗಿ ಯಾವ ಕೆಲಸವನ್ನೂ ಕರೆದುಕೊಳ್ಳುವುದಿಲ್ಲ. ಬೇಕಾದ್ದನ್ನು ನಾವೇ ಒಳಗೆ ಕಳಿಸಬೇಕು. ಅಳಿಯ ಅದನ್ನು ಮಾಡಿರಲಿಲ್ಲ. ಧ್ವನಿಯ ಪ್ರೋಗ್ರಾಂ ಉಳಿದೆರಡು ಕೋರ್‌ಗಳಲ್ಲೇ ಎಲ್ಲದರ ಜೊತೆ ನೂಕಾಡುತ್ತಿತ್ತು. ಎರಡು ಖಾಲಿ ಕೋರ್‌ಗಳಿಗೆ ನಾವು ಇಷ್ಟು ದಿನ ಭಕ್ತಿಯಿಂದ ನಡೆದುಕೊಂಡಿದ್ದೆವು. ಆಕೆ ಒಂದು ಸಾಲು ಬರೆದು ಪ್ರೋಗ್ರಾಮನ್ನು ಅಲ್ಲಿಗೆ ಕಳಿಸಿದಳು. ನೇರಪ್ರಸಾರದಲ್ಲಿ ಒಂದು ಕೂಗೂ ತುಂಡಾಗಲಿಲ್ಲ.

ಕೆಲಸ ಉಳಿದಿದೆ ಎಂಬ ಮಾತನ್ನು ಕಾಗದದಲ್ಲಿ ಬರೆದು ಕೊಡಿ ಎಂದು ಆಕೆ ಕೇಳಿದಳು. ಮಾಲೀಕರು ನಕ್ಕರು. ಆಕೆ ನಿಂತೇ ಇದ್ದಳು. ಕೊನೆಗೆ ಅವರು ಒಂದು ಸಾಲು ಗೀಚಿ, ಎಲ್ಲ ಬರಹದಂತೆ ಅದನ್ನೂ ತಿದ್ದಲು ನನ್ನತ್ತ ತಳ್ಳಿದರು: 'ಈ ಸಲ ಕ್ಷಮಿಸಿ ಕೆಲಸದಲ್ಲಿ ಮುಂದುವರಿಸಲಾಗಿದೆ.' ನಾನು ಮೊದಲ ಮೂರು ಪದ ಹೊಡೆದುಹಾಕಿ, 'ತಪ್ಪು ಇವರದಲ್ಲದ ಕಾರಣ' ಎಂದು ಬರೆದು ಟೈಪು ಮಾಡಿಸಿದೆ. ಮಾಲೀಕರು ಓದದೆ ಸಹಿ ಹಾಕಿದರು. ನಮ್ಮ ಸುದ್ದಿಗಳಿಗೂ ಹಾಗೆಯೇ ಹಾಕುತ್ತಿದ್ದರು. ಆಕೆ ಮಾತ್ರ ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.